ಬಿಡುವಿನ ದಿನದ ಕಲ್ಲುಗಳು

ಮೀನಿನ ಕಣ್ಣಿನ ಮೇಲೊಂದು ನುಸಿ, ಸತ್ತ ಕಣ್ಣನ್ನೂ ಬಿಡುವುದಿಲ್ಲ ಈ ಹಾಳಾದವು, ಪ್ರೋಖರ್ ಊದಿದ, ಹೋಗಲಿಲ್ಲ, ಚಾಕು ಮೀನಿನ ಹೊಟ್ಟೆಯಲ್ಲೇ ನಿಂತಿತು — ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತ್ತು, ಎಷ್ಟು ಸಲೀಸು, ಮನುಷ್ಯನದೂ ಹೀಗೇ ಇರಬಹುದೆ, ಭಾವನ ಹೊಟ್ಟೆ, ಅಲ್ಲಿ ಮೂವತ್ತು ಹೆಜ್ಜೆ ಆಚೆ ಬೆಂಕಿಯ ಮುಂದೆ ಅಂಗಿಯಿಲ್ಲದೆ ಬೆವರುತ್ತ ಹಾಡುತ್ತಿರುವ ಅಕ್ಕನ ಗಂಡ ರೊದಿಯೋನನ ಹೊಟ್ಟೆ. ಬೇಡ, ಚಾಕು ಬೇಡ, ಕಲ್ಲು ಮಾಡುತ್ತದೆ ಆ ಕೆಲಸ. ಈ ನದಿ ಪ್ರವಾಸದಲ್ಲಿ ಆರು ದಿನ ತೆಪ್ಪ ನಡೆಸಿದರೆ ಒಂದು ದಿನ ಬಿಡುವು, ಡೇರೆ ಕೀಳುವಂತಿಲ್ಲ, ಮೀನು, ನಿದ್ದೆ, ಮಧ್ಯಾಹ್ನ ಹಬೆಸ್ನಾನ, ಕಲ್ಲು ಪೇರಿಸಿ ಮೂರು ಗಂಟೆ ಕಾಯಿಸಿ, ಬೆಂಕಿ ತೆಗೆದು, ಮೇಲೆ ಟಾರ್ಪಾಲು ಕಟ್ಟಿ ನೀರೆರಚಿದರೆ ಮುಗಿಯಿತು, ಊರಾದ ಮುರ್ಮಾನ್ಸ್ಕಿನ ಒಂದು ವರ್ಷದ ಕೊಳೆಯನ್ನು ನದಿಗೆ ಬಿಟ್ಟು ಬರಬಹುದು. ಏ ಭಾಮೈದ, ಕಲ್ಲು ನೀನು ತಾ, ಬೆಂಕಿ ನಂದು, ನನ್ನ ಬೆಂಕಿ ಹತ್ರ ಯಾವನಾದ್ರೂ ಬಂದ್ರೆ ಕಾಲು ಮುರೀತೀನಿ, ಬೆಳಿಗ್ಗೆ ಇಷ್ಟು ಹೇಳಿ ಭಾವ ಡೇರೆಗೆ ಹೋಗಿ ಗೊರಕೆ ಹೊಡೆದ, ಪ್ರತಿ ವರ್ಷ ಅದೇ ಮಾತು, ಪ್ರತಿ ವರ್ಷ ಎಲ್ಲರೂ ನಗುತ್ತಾರೆ. ಆಯ್ತು ಭಾವ, ನಿಮ್ಮ ಬೆಂಕಿ ನಿಮಗೇ ಇರಲಿ. ಕಲ್ಲನ್ನು ಎತ್ತರದ ಒಣ ದಡದಿಂದ ತರಬೇಕು, ನದಿಯಲ್ಲಿ ನೆನೆದದ್ದನ್ನು ಕಾಯಿಸಿದರೆ ಒಳಗಿನ ನೀರು ಕುದಿದು ಕಲ್ಲು ಬಾಂಬಿನ ಹಾಗೆ ಸಿಡಿಯುತ್ತದೆ, ಇಲ್ಲಿ ಮಕ್ಕಳಿಗೂ ಗೊತ್ತು, ಪ್ರೋಖರನಿಗೆ ಹೇಳಿಕೊಟ್ಟವಳು ಅಕ್ಕ ತೈಸಿಯಾ, ಪಾಚಿ ಇರೋದನ್ನ ಮುಟ್ಬೇಡ ಪ್ರೋಶಾ, ಮುಖ ಹಾರಿಹೋಗತ್ತೆ. ಬೆಳಿಗ್ಗೆ ಅವನು ಮೊಣಕಾಲುದ್ದ ನೀರಿಗಿಳಿದು ಪಾಚಿ ಇರುವುದನ್ನೇ ಆರಿಸಿದ, ಸೀಳು ಬಿಟ್ಟ ಪದರಗಲ್ಲುಗಳನ್ನೇ, ಎದೆಯ ಮಟ್ಟಕ್ಕೆ ಪೇರಿಸಿದ, ಸುತ್ತಲೂ ಒಣ ಕೊರಡು ಒರಗಿಸಿ ಮುಚ್ಚಿದ.

ನಿನ್ನೆ, ದೊಡ್ಡ ಸೆಳವಿನಲ್ಲಿ, ತೆಪ್ಪದ ಮೂತಿ ಬಂಡೆಯ ಕಡೆ ತಿರುಗಿದಾಗ, ಎಡಕ್ಕೆ ಎಳಿ ಅಂದ್ನಲ್ಲೇ, ಕಿವಿ ಸತ್ತೋಗಿದ್ಯಾ — ಭಾವನ ಹುಟ್ಟಿನ ಹಿಡಿ ಅಕ್ಕನ ಬೆನ್ನಿಗೆ ಬಿತ್ತು, ಒಮ್ಮೆ, ಇನ್ನೊಮ್ಮೆ ಕತ್ತಿನ ಕೆಳಗೆ, ನೀರಿನ ಅಬ್ಬರದಲ್ಲಿ ಸದ್ದೇ ಕೇಳಲಿಲ್ಲ, ಅವಳ ಬಾಯಿ ತೆರೆದದ್ದು ಮಾತ್ರ ಕಂಡಿತು, ಮುಂದೆ ಕೂತಿದ್ದ ಜೊತೆಗಾರ ಗ್ಲೇಬ್ ನೋಡಿದ, ನೋಡಿ ಮುಖ ತಿರುಗಿಸಿದ. ಭಾವ ತಂಡದ ಮುಖಂಡ, ನೀರಿನ ಮೇಲೆ ಮುಖಂಡನಿಗೆ ಎದುರಾಡುವಂತಿಲ್ಲ, ದಡ ಮುಟ್ಟಿದ ಮೇಲೆ ಕೇಳಬಹುದು, ಅದು ನಿಯಮ, ದಡ ಮುಟ್ಟಿದ ಮೇಲೆ ಯಾರು ಕೇಳಿದರು, ಬಿಡೋ ಮಾರಾಯ, ನೀರಲ್ಲಿ ಆಗಿದ್ದು ನೀರಲ್ಲೇ ಹೋಯ್ತು ಅಂದ ಗ್ಲೇಬ್, ಷಂಡ, ಅವನ ಬಾಯಿಗೂ ಒಂದು ಕಲ್ಲು ತುರುಕಬೇಕು. ಚಳಿಗಾಲದಲ್ಲಿ ಅಕ್ಕನ ಪಕ್ಕೆಲುಬು ಎರಡು ಮುರಿದಾಗ ಅಲ್ಲಿ ಯಾವ ನೀರಿತ್ತು? ಮೆಟ್ಟಿಲಿಂದ ಬಿದ್ದೆ ಕಣೋ ಅಂದಳು ಅಕ್ಕ, ಅವರದು ನೆಲಮಹಡಿ, ಮೆಟ್ಟಿಲೇ ಇಲ್ಲ. ನಿನ್ನೆ ಕಷಾಯದಂಥ ಚಹಾ ಕೈಗಿಟ್ಟು ನಗುತ್ತ, ನಗುತ್ತಲೇ ಹೇಳಿದಳು, ಮುಂದಿನ ಸಲ ತಲೆಗೇ ಹೊಡೀತಾನೆ, ಒಂದೇ ಏಟಿಗೆ ಮುಗ್ದೋಗತ್ತೆ ಬಿಡು. ಆ ನಗುವನ್ನು ಸಹಿಸಲಾಗಲಿಲ್ಲ ಅವನಿಗೆ, ಕೊಲ್ಲುತ್ತಾನೆ ಈ ಮನುಷ್ಯ ಇವಳನ್ನು, ಇವತ್ತಲ್ಲ ನಾಳೆ, ಹಾಗಾದರೆ ಮೊದಲು ಇವನೇ ಹೋಗಲಿ, ಆ ಹಾಡುವ ಬಾಯಿ ಹರಿಯಲಿ, ಹಲ್ಲು ಬೂದಿಯಲ್ಲಿ ಉದುರಲಿ, ಹುಟ್ಟು ಹಿಡಿದ ಕೈ ಮೊಣಕೈವರೆಗೆ ಚಿಂದಿಯಾಗಲಿ. ಮೀನಿನ ತಲೆ ಬಂಡೆಯ ಮೇಲೆ ಮೂರು ತುಂಡಾಗಿದೆ, ಯಾವಾಗ ಕತ್ತರಿಸಿದೆ ಇದನ್ನು, ತಲೆ ಬೇಕಿತ್ತು ಸಾರಿಗೆ.

ಕೊರಡು ಕುಸಿಯುತ್ತದೆ, ಕಿಡಿ ಏಳುತ್ತದೆ, ಗಂಟೆಯ ಮೇಲಾಯಿತು, ಇನ್ನೂ ಯಾಕೆ ಸಿಡಿದಿಲ್ಲ, ಭಾವ ಬಗ್ಗಿ ಕೋಲಿನಿಂದ ಕೆದಕುತ್ತಾನೆ, ಇನ್ನೂ ಬಗ್ಗು, ಹತ್ತಿರ ಹೋಗು — ಕೆಳಗಿನ ಸಣ್ಣ ಸೆಳವಿನಿಂದ ಕೇಕೆ, ಗ್ಲೇಬ್ ಮತ್ತು ಅವನ ಹೆಂಡತಿ ಖಾಲಿ ತೆಪ್ಪದಲ್ಲಿ ಮತ್ತೆ ಮತ್ತೆ ಜಾರುತ್ತಿದ್ದಾರೆ, ಅಕ್ಕನೂ ಅಲ್ಲೇ, ಕರೆಯುವ ತನಕ ಬರುವುದಿಲ್ಲ ಅವಳು. ಬಂದಳು. ತಲೆಯಿಂದ ಕಾಲಿನವರೆಗೆ ತೊಯ್ದು, ತುಟಿ ನೀಲಿಗಟ್ಟಿ, ನೇರ ಬೆಂಕಿಯ ಕಡೆ ನಡೆದಳು, ಅಯ್ಯೋ ದೇವರೇ, ಒದ್ದೆಯಾದವಳು ಬೆಂಕಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ, ಇಷ್ಟು ಹೊಳೆಯಲಿಲ್ಲವೇ ನನ್ನ ಹಾಳು ತಲೆಗೆ, ಎದ್ದ, ಕೂಗಿದರೆ ಭಾವನಿಗೂ ಗೊತ್ತಾಗುತ್ತದೆ. ಬಾರೇ, ಮೈ ಕಾಯಿಸ್ಕೋ ಬಾ, ನೆಂದ ಕೋಳಿ ಥರ ಆಗಿದ್ದೀಯ ಎಂದು ಭಾವ ನಕ್ಕ. ಅವಳು ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು, ಕೊರಡು ಸರಿದ ಸಂದಿಯಲ್ಲಿ ಕಲ್ಲು ಕಾಣುತ್ತಿತ್ತು, ಸುಟ್ಟು ಕರಿಯಾದ ಪಾಚಿಯ ಅಂಚು, ಸೀಳಿನಿಂದ ಸುಂಯ್ ಎಂದು ಏಳುವ ಹಬೆ, ಕಲ್ಲನ್ನು ನೋಡಿದಳು, ತಿರುಗಿ ತಮ್ಮನನ್ನು ನೋಡಿದಳು, ಅಷ್ಟೇ, ಗೊತ್ತಾಯಿತು ಅವಳಿಗೆ, ಈಗ ಕಿರುಚುತ್ತಾಳೆ, ಕಿರುಚು ಅಕ್ಕ, ನೀನೇ ಕೂಗಿ ನನ್ನನ್ನು ಉಳಿಸು, ನಾನು ಕೊಲೆಗಾರ ಆಗುವುದು ಬೇಡ — ರೋದ್ಯಾ, ಎಂದು ಗಂಡನನ್ನು ಕರೆದಳು, ಬೆಂಕಿ ಸಾಲ್ದು, ಇನ್ನೆರಡು ಕೊರಡು ಹಾಕು, ಒಳಗಿನ ತನ್ಕ ತಳ್ಳು.

ತಮ್ಮನ ಹತ್ತಿರ ನಡೆದು ಬಂದಳು, ಅವಸರವಿಲ್ಲದೆ, ಒದ್ದೆ ಬೂಟು ಪಚಪಚ ಎನ್ನುತ್ತ, ಪಕ್ಕದಲ್ಲಿ ನಿಂತಳು, ಅಕ್ಕ, ಬೇಡ ಅಕ್ಕ, ಕೂಗ್ತೀನಿ ನಾನು, ಅವನು ಹೆಜ್ಜೆ ಎತ್ತಿದ, ಅವಳ ಕೈ ಅವನ ಮಣಿಕಟ್ಟನ್ನು ಹಿಡಿಯಿತು, ಕೂತ್ಕೋ ಎಂದಳು, ಅಲ್ಲಿ ಭಾವ ಕೊರಡನ್ನು ಎದೆಗವಚಿ ಬಗ್ಗಿದ, ಪೂರ್ತಿ ಬಗ್ಗಿದ, ಆಗ ಸಿಡಿಯಿತು, ಒಂದು, ಕೂಡಲೇ ಮೂರು, ಬೂದಿ, ಕೆಂಡ, ಕಲ್ಲಿನ ಚೂರು ಪೈನ್ ಮರಕ್ಕೆ ಬಡಿದು ತೊಗಟೆ ಹಾರಿತು, ಹಾಡು ಅರ್ಧಕ್ಕೆ ನಿಂತು ಅದೇ ಗಂಟಲಿನಿಂದ ಪ್ರಾಣಿಯ ಕೂಗು ಬಂತು, ರೊದಿಯೋನ್ ಮೊಣಕಾಲೂರಿ ಎರಡೂ ಕೈಯಲ್ಲಿ ಮುಖ ಹಿಡಿದಿದ್ದಾನೆ, ಬೆರಳ ಸಂದಿಯಿಂದ ರಕ್ತ ಧಾರಾಕಾರ, ಅಕ್ಕನನ್ನೇ ಕರೆಯುತ್ತಿದ್ದಾನೆ, ತಾಸ್ಯಾ, ಎಲ್ಲಿದ್ದೀಯೇ, ಕಣ್ಣು ಕಾಣ್ತಿಲ್ಲ ಕಣೇ, ತಾಸ್ಯಾ, ಓಡಬೇಕು, ಪ್ರೋಖರನ ಕಾಲು ಓಡಲು ಎಳೆಯುತ್ತದೆ, ಬಿಡು ಅಕ್ಕ, ಬಿಡುವುದಿಲ್ಲ ಅವಳು, ಕೆಳಗಿನಿಂದ ಗ್ಲೇಬ್ ಏನೋ ಕೂಗುತ್ತ ಓಡಿ ಬರುತ್ತಿದ್ದಾನೆ, ಅವಳು ಬಿಡುವುದಿಲ್ಲ, ಪ್ರೋಖರ್ ಈಗ ಭಾವನನ್ನು ನೋಡುತ್ತಿಲ್ಲ, ತನ್ನ ಮಣಿಕಟ್ಟನ್ನು ನೋಡುತ್ತಿದ್ದಾನೆ, ಅಕ್ಕನ ನಾಲ್ಕು ಬೆರಳು, ನೀರಿಗೆ ಸುಕ್ಕುಗಟ್ಟಿದ ತಣ್ಣನೆಯ ನಾಲ್ಕು ಬೆರಳು, ತಾಸ್ಯಾ, ನಾಲ್ಕು ಬೆರಳು, ತಾಸ್ಯಾ, ಉಗುರು ಚರ್ಮಕ್ಕಿಳಿಯುತ್ತಿದೆ, ನಾಲ್ಕು ಬೆರಳು, ಗೆಣ್ಣು ಬೆಳ್ಳಗೆ, ನಾಲ್ಕು ಬೆರಳು