ಹಾಲಿನ ಕದಿರಣ್ಣನ ಏರ್ ಫಿಲ್ಟರ್

ಹಟ್ಟಿಗಳ ದಾರಿಯ ಆ ದಿಣ್ಣೆ ಎಂದರೆ ಹಾಲಿನ ಕದಿರಣ್ಣನಿಗೆ ದಿನವೂ ಭಯ. ಲೇಪಾಕ್ಷಿ ಕಡೆಯ ಮೂರು ಹಟ್ಟಿಗಳಲ್ಲಿ ಹಾಲು ಹಾಕಿಸಿಕೊಂಡು ಹಿಂದೂಪುರದ ಹಾಲಿನ ಕೇಂದ್ರಕ್ಕೆ ಮುಟ್ಟಿಸುವುದು ಅವನ ಕೆಲಸ. ದಾರಿ ಎಂಬುದು ಹೆಸರಿಗೆ ಮಾತ್ರ. ಕಲ್ಲು ಕ್ವಾರಿಯ ಲಾರಿಗಳು ಓಡಾಡಿ ಓಡಾಡಿ ಮಣ್ಣೆಲ್ಲ ಹಿಟ್ಟಾಗಿದೆ. ಮಾಮೂಲಿ ಬೈಕಿನ ಹೊಟ್ಟೆ ಕಲ್ಲಿಗೆ ತಗಲುತ್ತದೆಂದು, ಕಲ್ಯಾಣದುರ್ಗದಲ್ಲಿ ಕರೆಂಟು ತೆಗೆಯುವ ಗಾಳಿಯಂತ್ರ ಕಾಯುವವನೊಬ್ಬ ಓಡಿಸುತ್ತಿದ್ದ, ಮಣ್ಣು ದಾರಿಗೆಂದೇ ಮಾಡಿದ ಎತ್ತರದ ಡರ್ಟ್ ಬೈಕನ್ನು ಸೆಕೆಂಡ್ ಹ್ಯಾಂಡಿಗೆ ತಂದಿದ್ದ. ಒಂದು ವರ್ಷ ಅದು ಚೆನ್ನಾಗಿಯೇ ಓಡಿತು. ಈಗ ಎರಡು ಕ್ಯಾನು ಕಟ್ಟಿಕೊಂಡು ದಿಣ್ಣೆ ಹತ್ತುವಷ್ಟರಲ್ಲಿ ಕೆಮ್ಮಿ, ಕಪ್ಪು ಹೊಗೆ ಉಗುಳಿ ನಿಂತುಬಿಡುತ್ತದೆ. ಕಿಕ್ ಹೊಡೆದು ಹೊಡೆದು ಅವನ ಬಲ ಮೊಣಕಾಲು ಊದಿಕೊಂಡಿದೆ.

ಹೀಗೆ ತಡವಾಗಿ ಆ ತಿಂಗಳು ಎರಡು ಸಲ ಹಾಲು ಒಡೆಯಿತು. ಕೇಂದ್ರ ನೋಡಿಕೊಳ್ಳುವ ವಿಜಯಕುಮಾರ್ ಬೈಯಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ಈ ಹಾಲಿನ ಲೈನು ಆಟೋದವ್ನಿಗೆ ಕೊಡ್ಬೇಕಾಯ್ತದೆ ಕದಿರಣ್ಣ," ಎಂದಷ್ಟೇ ಹೇಳಿದ. ಆಟೋ ಹಟ್ಟಿಯವರೆಗೆ ಹೋಗುವುದಿಲ್ಲ. ಹಟ್ಟಿಯ ಹೆಂಗಸರು ಹಾಲು ಹೊತ್ತುಕೊಂಡು ಮೂರು ಮೈಲಿ ನಡೆದು ಡಾಂಬರು ರಸ್ತೆಗೆ ಬರಬೇಕು. ಕದಿರಣ್ಣನ ಹದಿನಾಲ್ಕು ವರ್ಷದ ಕೆಲಸವೂ ಅಲ್ಲಿಗೆ ಮುಗಿದಂತೆಯೇ.

"ಕಲ್ಯಾಣಿಗೆ ಒಂದ್ಸಲ ತೋರ್ಸಿ," ಎಂದಳು ಹೆಂಡತಿ ನಾರಮ್ಮ. ಕಲ್ಯಾಣಿ ಅವಳ ಅಣ್ಣನ ಮಗಳು. ಕಲ್ಯಾಣದುರ್ಗದಲ್ಲಿ ಅಪ್ಪನ ಷೆಡ್ಡಿನಲ್ಲಿ ಕೆಲಸ ಕಲಿತು, ಮದುವೆಯಾದ ಮೇಲೆ ಹಿಂದೂಪುರದಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದಾಳೆ.

"ನಂಗೆ ಸಾಕಾಗೈತೆ ಕಣೇ. ಪ್ಲಗ್ ಬದಲಾಯ್ಸ್ದೆ, ಪೆಟ್ರೋಲ್ ಬಂಕ್ ಬದಲಾಯ್ಸ್ದೆ, ನಿಂಬೆಹಣ್ಣೂ ಕಟ್ದೆ. ಇನ್ನೇನ್ ಮಾಡ್ತಾಳೆ ಅವ್ಳು?"

ಆದರೂ ನಾರಮ್ಮ ಫೋನು ಮಾಡಿದಳು. ಭಾನುವಾರ ಕಲ್ಯಾಣಿ ಬಂದು, ಕಾಫಿಯನ್ನೂ ಕುಡಿಯದೆ ಬೈಕಿನ ಪಕ್ಕದ ಮುಚ್ಚಳ ಬಿಚ್ಚಿದಳು. ಒಳಗೆ, ಇಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರಿನ ಮೇಲೆ, ಮಣ್ಣು ಬಣ್ಣದ ಬಟ್ಟೆಯೊಂದನ್ನು ಬಿಗಿಯಾಗಿ ಕಟ್ಟಿತ್ತು.

"ಇದೇನ್ ಮಾವ ಇದು?"

"ಹಾಲು ಸೋಸೋ ಬಟ್ಟೆ ಕಣಮ್ಮ," ಎಂದ ಕದಿರಣ್ಣ, ಸ್ವಲ್ಪ ಹೆಮ್ಮೆಯಿಂದಲೇ. "ಹಾಲ್ಗೆ ಒಂದು ಪದರ ಸಾಲ್ದೆ ಹೋದ್ರೆ ಎರಡು ಮಡಿಸ್ತೀವಲ್ಲ, ಹಂಗೆ. ಧೂಳು ಒಳಕ್ಕೋಗ್ದೆ ಇರ್ಲಿ ಅಂತ ನಾನೇ ಕಟ್ದೆ. ಒಳಗಿರೋ ಸ್ಪಂಜ್ನೂ ಪೆಟ್ರೋಲಲ್ಲಿ ತೊಳ್ದು, ಹಿಂಡಿ, ಬಿಸ್ಲಿಗೆ ಹಾಕ್ತೀನಿ."

"ಆಮೇಲೆ ಎಣ್ಣೆ ಹಚ್ತೀರಾ?"

"ಸ್ಪಂಜಿಗೆ ಎಣ್ಣೆನಾ? ಅದೇನ್ ವಡೆನಾ ಕರಿಯಾಕೆ?"

ಕಲ್ಯಾಣಿ ಸ್ಪಂಜನ್ನು ಎಳೆದಳು. ಅಂಚು ಅವಳ ಬೆರಳಲ್ಲೇ ಪುಡಿಯಾಯಿತು. ಅಂಟು ಹಾಕಿ ಕೂಡಿಸಿದ ಕಡೆ ಎರಡು ಬೆರಳಗಲ ಹರಿದಿತ್ತು. "ಈ ಬಟ್ಟೆ, ಈ ಸ್ಪಂಜು, ಇವೆರಡೇ ಕಾರಣ," ಎಂದಳು.

"ಅಂಗೈಯಗಲ ಸ್ಪಂಜಿಗೆ ಇಷ್ಟು ದೊಡ್ಡ ಗಾಡಿ ನಿಂತೋಯ್ತದಾ? ಯಾರಿಗ್ ಹೇಳ್ತೀಯಾ ಈ ಕತೆ?"

ಕಲ್ಯಾಣಿ ವಾದಕ್ಕಿಳಿಯಲಿಲ್ಲ. ನಾರಮ್ಮನಿಂದ ತೊಳೆದ ಬಟ್ಟೆಯೊಂದನ್ನು ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಕೊಟ್ಟಳು. "ಮೂಗು, ಬಾಯಿ ಮುಚ್ಚಂಗೆ ಹಿಡ್ಕಳಿ. ಇನ್ನೊಂದ್ ಕೈಯಾಗೆ ನೀರು ತುಂಬಿದ ಕ್ಯಾನ್ ಎತ್ಕೊಂಡು ಬೇವಿನ ಮರದ ತನಕ ಹೋಗ್ಬನ್ನಿ."

ಕದಿರಣ್ಣ ಹೊರಟ. ಹತ್ತು ಹೆಜ್ಜೆಗೆ ಎದೆ ಬಿಗಿಯಿತು. ಹದಿನೈದನೆಯದಕ್ಕೆ ಕ್ಯಾನು ಇಳಿಸಿ, ಬಟ್ಟೆ ಕಿತ್ತು, ಮಂಡಿ ಹಿಡಿದು ನಿಂತ.

"ನಿಮ್ ಗಾಡಿ ದಿನಾ ಹಿಂಗೇ ದಿಣ್ಣೆ ಹತ್ತೋದು ಮಾವ," ಎಂದಳು ಕಲ್ಯಾಣಿ. "ಹಾಲು ನಿಧಾನಕ್ಕೆ ಇಳೀತದೆ, ನಾವು ಕಾಯ್ತೀವಿ. ಇಂಜಿನ್ ಕಾಯಲ್ಲ, ಅದ್ಕೆ ಗಾಳಿ ಬೇಕು. ಗಾಳಿ ಸಾಲ್ದೆ ಪೆಟ್ರೋಲ್ ಅರ್ಧಂಬರ್ಧ ಉರಿದು ಕಪ್ಪು ಹೊಗೆ ಬರ್ತದೆ, ಅಷ್ಟೇ."

ಕದಿರಣ್ಣ ಜಗಲಿಯ ಮೇಲೆ ಕುಳಿತ. ಆ ಬೈಕನ್ನು ಎಷ್ಟು ಸಲ ಒದ್ದಿದ್ದೇನೆ ಎಂದು ನೆನೆದು ಅವನಿಗೆ ನಾಚಿಕೆಯಾಯಿತು.

ಕಲ್ಯಾಣಿ ತನ್ನ ಚೀಲದಿಂದ ಹೊಸ ಸ್ಪಂಜ್ ತೆಗೆದಳು. ಇಂಜಿನ್ನಿಗೆ ಗಾಳಿ ಹೋಗುವ ಬಾಯಿಗೆ ಧೂಳು ಬೀಳದಂತೆ ಬಟ್ಟೆ ತುರುಕಿ, ಫಿಲ್ಟರ್ ಡಬ್ಬಿಯ ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಫಿಲ್ಟರ್ ಎಣ್ಣೆಯನ್ನು ಸ್ಪಂಜಿನ ತುಂಬ ಹಚ್ಚಿ, ಮೆಲ್ಲಗೆ ಅದುಮಿ, ಹೆಚ್ಚಾದದ್ದನ್ನು ಹೊರಗೆ ಬಿಟ್ಟು, ಬಾಯಿಗೆ ತುರುಕಿದ್ದ ಬಟ್ಟೆ ತೆಗೆದು, ಸ್ಪಂಜನ್ನು ಡಬ್ಬಿಯಲ್ಲಿ ಕೂರಿಸಿದಳು.

"ಈ ಎಣ್ಣೆ ಜಿಗುಟಿಗೇ ಧೂಳು ಹಿಡ್ಕೊಳೋದು. ಒಣಗಿದ ಸ್ಪಂಜಲ್ಲಿ ಸಣ್ಣ ಧೂಳು ಸೀದಾ ತೂರ್ಕೊಂಡು ಹೋಯ್ತದೆ. ತೊಳೆಯಾಕೆ ಪೆಟ್ರೋಲ್ ಬೇಡ, ಬೆಂಕಿ ಭಯ, ಸ್ಪಂಜು ಕೂಡಿಸಿದ ಅಂಟೂ ಬಿಡ್ತದೆ. ಸೋಪಿನ ನೀರಲ್ಲಿ ತೊಳೀರಿ. ಬಟ್ಟೆ ಥರ ತಿರುಚ್ಬೇಡಿ. ನೆರಳಲ್ಲಿ ಪೂರ್ತಿ ಒಣಗ್ಸಿ, ಆಮೇಲೆ ಎಣ್ಣೆ."

"ದಿನಾ ಹಾಲು ತರೋದ್ರಲ್ಲೇ ಹೆಣ ಬಿದ್ದೋಯ್ತದೆ. ಇದ್ಕೆಲ್ಲಾ ಯಾವಾಗಮ್ಮ ಪುರುಸೊತ್ತು?"

"ಕಿಕ್ ಹೊಡೆಯಾಕೆ ಇರ್ತದಲ್ಲ ಪುರುಸೊತ್ತು," ಎಂದಳು ನಾರಮ್ಮ.

ಕದಿರಣ್ಣ ಬೈಕಿನ ಪಕ್ಕ ಕುಕ್ಕರಿಸಿದ. "ಸರಿ ಬಿಡಮ್ಮ. ಇನ್ಮೇಲೆ ಗಾಡಿ ಹೊಸದಾಯ್ತದಾ?" ಎಂದು ಕೇಳಿದ.

ಕಲ್ಯಾಣಿ ಸುಳ್ಳು ಹೇಳಲಿಲ್ಲ. "ಕಪ್ಪು ಹೊಗೆ ನಿಲ್ತದೆ, ದಿಣ್ಣೆನೂ ಹತ್ತುತ್ತದೆ. ಆದ್ರೆ ಸ್ವಲ್ಪ ನೀಲಿ ಹೊಗೆ ಉಳೀತದೆ ಮಾವ. ಹರಿದ ಕಡೆಯಿಂದ ಹೋದ ಧೂಳು ಇಂಜಿನ್ನ ಒಳಗೇ ಉಜ್ಜಿ ಸವೆಸ್ಬಿಟ್ಟೈತೆ, ಅದ್ಕೇ ಇಂಜಿನ್ ಎಣ್ಣೆ ಒಳಗೆ ಸೋರಿ ಉರೀತದೆ. ಸವೆದಿದ್ದನ್ನ ಫಿಲ್ಟರ್ ಹಾಕಿ ವಾಪಸ್ ತರಾಕಾಗಲ್ಲ. ಆರು ತಿಂಗಳ ಹಿಂದೆ ತೋರ್ಸಿದ್ರೆ ಇಂಜಿನ್ ಉಳೀತಿತ್ತು."

ಮಾರನೆಯ ಬೆಳಗ್ಗೆ ಎರಡು ಕ್ಯಾನು ತುಂಬಿಕೊಂಡು ಬೈಕು ಎಲ್ಲೂ ನಿಲ್ಲದೆ ದಿಣ್ಣೆ ಹತ್ತಿತು. ವಿಜಯಕುಮಾರ್ ಹಾಲು ಪರೀಕ್ಷೆ ಮಾಡಿ, "ಸರಿಯಾಗೈತೆ, ಸುರೀರಿ ಟ್ಯಾಂಕಿಗೆ," ಎಂದ. ಲೈನು ಉಳಿಯಿತು. ಮೂರು ಹಟ್ಟಿಯ ಹೆಂಗಸರು ಮನೆ ಬಾಗಿಲಲ್ಲೇ ಹಾಲು ಹಾಕುತ್ತಿದ್ದಾರೆ. ಗೇರು ಬದಲಿಸುವಾಗ ಮಾತ್ರ ಹಿಂದೆ ಸಣ್ಣಗೆ ನೀಲಿ ಹೊಗೆ ಬರುತ್ತದೆ. ಕದಿರಣ್ಣ ಅದನ್ನು ಕನ್ನಡಿಯಲ್ಲಿ ನೋಡಿಕೊಂಡೇ ಮುಂದೆ ಸಾಗುತ್ತಾನೆ.

ಮಣ್ಣು ದಾರಿಯಲ್ಲಿ ಗಾಡಿ ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ದಣಿವಿದೆ, ಗೊತ್ತು. ಆದರೂ ವಾರಕ್ಕೊಮ್ಮೆ ಆ ಮುಚ್ಚಳ ಬಿಚ್ಚಿ ನೋಡಿ. ಸ್ಪಂಜ್ ಕೊಳಕಾಗಿದ್ದರೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಹರಿದಿದ್ದರೆ, ಪುಡಿಯಾಗುತ್ತಿದ್ದರೆ ಹೊಸದು ಹಾಕಿಸಿ. ನಿಮ್ಮ ಬೈಕಿನಲ್ಲಿ ಕಾಗದದ ಫಿಲ್ಟರ್ ಇದ್ದರೆ ಅದನ್ನು ತೊಳೆಯಬೇಡಿ, ಬದಲಾಯಿಸಿ. ಮೇಲೆ ಯಾವ ಬಟ್ಟೆಯನ್ನೂ ಕಟ್ಟಬೇಡಿ. ಇಂಜಿನ್ ಒಳಗೆ ಹೋದ ಧೂಳನ್ನು ಯಾವ ಮೆಕ್ಯಾನಿಕ್ಕೂ ತೊಳೆದು ಕೊಡಲಾರ. ಇವತ್ತು ಗಾಡಿ ನಿಲ್ಲಿಸಿದ ಮೇಲೆ, ಕಾಲು ಚಾಚಿ ಕೂರುವ ಮೊದಲು, ಒಂದು ಸಲ ನೋಡಿಬಿಡಿ.