ಹತ್ತಕ್ಕೆ ಎರಡು

ಮಾವ ಬೆಳಗ್ಗೆ ತಮಾಷೆ ಮಾಡಿದಾಗ ಮನೆಮಂದಿಯೆಲ್ಲ ನಕ್ಕರು. ಸೊಸೆಯೊಬ್ಬಳ ಎದೆ ಮಾತ್ರ ಧಸಕ್ಕೆಂದಿತು.

ಆ ಮನುಷ್ಯ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮನೆಯ ಕೆಳಗಿನ ಕೋಣೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಅವರದು. ಬಾಯಿಗಿಂತ ದಬ್ಬಣವೇ ಜಾಸ್ತಿ ಓಡುತ್ತಿತ್ತು. ಅಂಥವರು ಇವತ್ತು ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ, "ಹೊಟ್ಟೆಗೆ ಇವತ್ತು ರಜೆ ಕೊಟ್ಟಿದ್ದೀನಿ. ಅರವತ್ತು ವರ್ಷ ದುಡಿದಿದೆ, ಪಾಪ" ಅಂದರು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಅಪ್ಪ ಇವತ್ತು ಭಾರಿ ಗೆಲುವಾಗಿದ್ದಾರೆ" ಎಂದ ಗಂಡ.

ಸೊಸೆಯ ತವರಿನ ರೀತಿಯೇ ಬೇರೆ. ಅಲ್ಲಿ ಕಾಲ್ಬೆರಳು ಎಡವಿದರೂ ಕೇರಿಗೆ ಕೇರಿಯೇ ಬಾಗಿಲಿಗೆ ಬರಬೇಕು, ಹಾಗೆ ಕೂಗುತ್ತಾರೆ. ಹೇಳಿಕೊಂಡರೆ ನೋವು ಹಂಚಿಹೋಗುತ್ತದೆ ಎಂದು ಅವಳ ತಾಯಿ ನಂಬಿದ್ದರು. ಈ ಮನೆಗೆ ಬಂದ ಮೊದಲ ವಾರ ಬಿಸಿ ಪಾತ್ರೆ ತಗುಲಿ ಅವಳು ಕಿರುಚಿದ್ದಕ್ಕೆ ಗಂಡ ಇಟ್ಟ ಹೆಸರು 'ಸೈರನ್ನು'. ಇಲ್ಲಿಯವರು ನರಳಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ನೋವು ನೋವು ಅನ್ನುವವನ ಕೈಗೆ ಯಾರು ಕೆಲಸ ಕೊಡುತ್ತಾರೆ ಎಂಬುದು ಮಾವನ ಅಪ್ಪನ ಕಾಲದಿಂದ ಬಂದ ಮಾತು. ಕಾಗದ ಕತ್ತರಿಸುವ ಯಂತ್ರಕ್ಕೆ ಉಗುರು ಸಿಕ್ಕಿ ಕಿತ್ತುಬಂದ ದಿನ ಮಾವ ರಕ್ತ ಸುರಿಯುವ ಬೆರಳನ್ನು ಎತ್ತಿ ಹಿಡಿದು, "ಇನ್ನು ಒಂಬತ್ತೇ ಉಗುರು ಕತ್ತರಿಸಿದರಾಯ್ತು" ಎಂದಿದ್ದರು. ಅತ್ತೆಯ ದವಡೆ ಊದಿದಾಗ ಅವರೂ ಹಾಗೇ: "ಒಂದು ಕೆನ್ನೆಯಾದರೂ ಮೈ ತುಂಬಿಕೊಂಡಿತಲ್ಲ!"

ನೋವು ಹೆಚ್ಚಿದಷ್ಟೂ ಈ ಮನೆಯಲ್ಲಿ ತಮಾಷೆ ಹೆಚ್ಚು. ಹೊರಗಿನಿಂದ ಬಂದವಳಾದ್ದರಿಂದ ಅವಳಿಗೆ ಅದು ಕಂಡಿತ್ತು. ಅದರಲ್ಲೇ ಹುಟ್ಟಿ ಬೆಳೆದವರಿಗೆ ಕಾಣುವುದಾದರೂ ಹೇಗೆ?

ಹತ್ತು ಗಂಟೆಯೊಳಗೆ ಮಾವ ಆರು ತಮಾಷೆ ಮಾಡಿದ್ದರು. ಅವಳು ನೀರಿನ ಚೊಂಬು ಹಿಡಿದು ಕೆಳಗಿಳಿದಳು. ಮಾವ ಪುಸ್ತಕ ಒತ್ತುವ ಯಂತ್ರದ ಹಿಡಿಗೆ ಮೈ ಕೊಟ್ಟು ನಿಂತಿದ್ದರು. ಕತ್ತು ಪೂರಾ ಒದ್ದೆ. ಅಂಟಿನ ಬಟ್ಟಲ ಮೇಲೆ ಆಗಲೇ ಕೆನೆ ಕಟ್ಟಿತ್ತು. ಬೆಳಗಿನಿಂದ ಅದರೊಳಗೆ ಕುಂಚ ಇಳಿದಿರಲಿಲ್ಲ.

"ಮಾವ, ಎಲ್ಲಿ ನೋಯ್ತಿದೆ?"

"ನೋವಾ? ನೀನಿರೋ ಮನೆಯಲ್ಲಿ ನಮಗೆ ಉಳಿಯುತ್ತೇನಮ್ಮ? ಎಲ್ಲಾ ನೀನೇ ತಗೊಂಡುಬಿಡ್ತೀಯಲ್ಲ!" ನಕ್ಕರು. ನಗು ಅರ್ಧಕ್ಕೇ ತುಂಡಾಯಿತು.

"ಆಸ್ಪತ್ರೆಗೆ ಹೋಗೋಣ. ಈಗಲೇ."

ಮೆಟ್ಟಿಲ ಮೇಲೆ ನಿಂತಿದ್ದ ಗಂಡ, "ಸೈರನ್ ಶುರುವಾಯ್ತಾ? ಬೇರೆಯವರ ಹೊಟ್ಟೆಗೂ ನೀನೇ ಕೂಗ್ಬೇಕಾ?" ಎಂದ.

"ಹೋಗಿಬರೋಣ ನಡೀರೋ, ಇವಳ ಬಾಯಿ ಮುಚ್ಚಿಸೋಕಾದ್ರೂ" ಎಂದವರು ಮಾವ.

ಉಗುರು ಕಿತ್ತುಬಂದಾಗಲೂ ಆಸ್ಪತ್ರೆಯ ಮೆಟ್ಟಿಲು ಹತ್ತದ ಮನುಷ್ಯ! ಒಂದೇ ಮಾತಿಗೆ ಒಪ್ಪಿಕೊಂಡರಲ್ಲ ಎಂದು ಅವಳು ಚೊಂಬನ್ನು ಅಲ್ಲೇ ಇಟ್ಟು ಆಟೋ ಕರೆಯಲು ಓಡಿದಳು.

ಆಸ್ಪತ್ರೆಯ ಬಾಗಿಲ ಬಳಿಯ ಮೇಜಿನಲ್ಲಿ ಕೂತಿದ್ದ ನರ್ಸು, "ನೋವು ಹತ್ತಕ್ಕೆ ಎಷ್ಟು ಅಂತ ಹೇಳ್ತೀರಾ ಅಜ್ಜ?" ಎಂದು ಕೇಳಿದಳು.

"ಎರಡು ಹಾಕ್ಕೊಳ್ಳಮ್ಮ. ಶಾಲೆಯಲ್ಲೂ ನಂಗೆ ಅಷ್ಟೇ ಬರ್ತಿದ್ದಿದ್ದು."

ನರ್ಸು ಕಿಲಕಿಲ ನಕ್ಕು ಎರಡು ಎಂದೇ ಬರೆದಳು. ಮಾವನನ್ನು ಬೆಂಚಿನ ಮೇಲೆ ಕೂರಿಸಿದರು. ಅವರಾದ ಮೇಲೆ ಬಂದವನೊಬ್ಬ ಕುಯ್ದುಕೊಂಡ ಬೆರಳು ಹಿಡಿದು ಬೊಬ್ಬೆ ಹಾಕುತ್ತಿದ್ದ. ಅವನನ್ನು ಮೊದಲು ಒಳಗೆ ಕರೆದರು. ಮಾವ ಇನ್ನೂ ಎರಡು ತಮಾಷೆ ಮಾಡಿದರು. ಮೂರನೆಯದಕ್ಕೆ ಬಾಯಿ ತೆರೆದವರು ಏನೂ ಹೇಳದೆ ಮುಚ್ಚಿಕೊಂಡರು. ತುಟಿಯ ಬಣ್ಣ ಬೂದಿಯಾಗಿತ್ತು.

ಸೊಸೆ ಎದ್ದು ನರ್ಸಿನ ಹತ್ತಿರ ಹೋದಳು. "ಸಿಸ್ಟರ್, ಈ ಮನೆಯವರು ನೋವಾದಾಗ ನಗಿಸ್ತಾರೆ. ಅವರು ಹೇಳಿದ ಎರಡನ್ನ ನಂಬಬೇಡಿ."

"ನಗೋರನ್ನ ಮೊದಲು ಒಳಗೆ ಬಿಟ್ರೆ ಅಳೋರನ್ನ ಎಲ್ಲಿ ಕೂರಿಸ್ಲಮ್ಮ? ಸರದಿ ಬಂದಾಗ ಕರೀತೀನಿ, ಕೂತ್ಕೊಳ್ಳಿ."

ಗಂಡ ಮೊಣಕೈ ಹಿಡಿದೆಳೆದು, "ಇಲ್ಲಿ ಮಾತ್ರ ಶುರು ಮಾಡಬೇಡ ಕಣೆ, ನಿನ್ನ ದಮ್ಮಯ್ಯ. ಮಾನ ಹೋಗುತ್ತೆ" ಎಂದ.

ಮಾವನ ತಲೆ ನಿಧಾನಕ್ಕೆ ಗೋಡೆಗೆ ಒರಗಿತು. ಮಾನ ಹೋದರೆ ಯಾವತ್ತಾದರೂ ತಿರುಗಿ ಬಂದೀತು ಅಂದುಕೊಂಡಳು. ಆಮೇಲೆ ತನ್ನ ತಾಯಿ, ಅಜ್ಜಿ, ಚಿಕ್ಕಮ್ಮಂದಿರ ಗಂಟಲನ್ನೆಲ್ಲ ಒಂದೇ ಗಂಟಲಿಗೆ ತಂದುಕೊಂಡು ಕೂಗಿದಳು: "ಅಯ್ಯಯ್ಯೋ! ನಮ್ಮ ಮಾವ ಹೋಗ್ತಿದ್ದಾರೆ, ಯಾರಾದರೂ ಬನ್ರೋ!"

ಇಡೀ ಪಡಸಾಲೆ ತಿರುಗಿತು. ಪರದೆ ಸರಿಸಿಕೊಂಡು ಡಾಕ್ಟರಮ್ಮ ಓಡಿಬಂದಳು. ಕೂಗುವವಳ ಕಡೆಗೇ ಬಂದವಳ ಕೈಯನ್ನು ಸೊಸೆ ಹಿಡಿದು ಮಾವನ ಹೊಟ್ಟೆಯ ಮೇಲಿಟ್ಟಳು.

ಡಾಕ್ಟರಮ್ಮ ಒತ್ತಿ ನೋಡಿದಳು. ಮುಖದ ಮೇಲಿದ್ದ ಸಿಟ್ಟು ಅಲ್ಲೇ ಆರಿಹೋಯಿತು. "ಹಲಗೆ ಥರ ಆಗಿದೆ. ಯಾವಾಗಿಂದ ಅಜ್ಜ?"

"ಮೊನ್ನೆ ಸಂಜೆಯಿಂದ" ಎಂದರು ಮಾವ, ಕಣ್ಣು ಬಿಡದೆ. ತಮಾಷೆ ಇರಲಿಲ್ಲ.

ಗಾಲಿಮಂಚ ಬಂತು. ಕರುಳು ತೂತಾಗಿದೆ, ಹೊಟ್ಟೆ ತುಂಬ ಕೀವು, ಕೊಯ್ಯಲೇಬೇಕು, ಏನೂ ಹೇಳೋಕಾಗಲ್ಲ ಎಂದರು. ಗಂಡ ರುಜು ಹಾಕಿದ. ಅತ್ತೆಗೆ ಹೇಳಿಕಳಿಸಿದರು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಅತ್ತೆ ಬಂದ ಮೇಲೆ ಮೂವರೂ ಅದನ್ನೇ ನೋಡುತ್ತ ಕೂತರು. ಯಾರಾದರೂ ಹೊರಬಂದಾಗೆಲ್ಲ ಸೊಸೆ ಎದ್ದು ನಿಲ್ಲುತ್ತಿದ್ದಳು. ಒಬ್ಬಳು ಬರೀ ಬಕೆಟ್ಟು ಹಿಡಿದು ಬಂದಳು, ಇನ್ನೊಬ್ಬ ಆಕಳಿಸುತ್ತ ಬಂದ.

ಮಧ್ಯಾಹ್ನ ಕಳೆದ ಮೇಲೆ ಡಾಕ್ಟರಮ್ಮ ಬಂದು, "ಇನ್ನೆರಡು ದಿನ ಭಯ ಇದ್ದೇ ಇದೆ. ಸದ್ಯಕ್ಕೆ ಉಸಿರಿದೆ. ನೋಡಿಕೊಂಡು ಬನ್ನಿ" ಎಂದಳು.

ವಾರ್ಡಿನ ಬಾಗಿಲಲ್ಲೇ ಆ ಸದ್ದು ಕೇಳಿಸಿತು. ಮತ್ತಿನ ಮಂಪರಿನಲ್ಲಿ ಮಾವ ಬಾಯಿಬಿಟ್ಟು ನರಳುತ್ತಿದ್ದರು. "ಅಮ್ಮಾ... ತಡೆಯೋಕಾಗ್ತಿಲ್ಲ... ಅಮ್ಮಾ..."

ಅತ್ತೆ ನಿಂತಲ್ಲೇ ನಿಂತರು. ನಲವತ್ತು ವರ್ಷದ ಸಂಸಾರದಲ್ಲಿ ಆ ದನಿ ಅವರ ಕಿವಿಗೆ ಬಿದ್ದಿರಲಿಲ್ಲ. "ಇದು ಅವರಲ್ಲ ಕಣೆ, ಬೇರೆ ಯಾರೋ" ಎಂದು ಸೊಸೆಯ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡರು. ಗಂಡ ಮುಂದೆ ಬಗ್ಗಿ, "ಅಪ್ಪಾ, ಮೆಲ್ಲಗೆ, ಪಕ್ಕದವರು ನೋಡ್ತಿದ್ದಾರೆ" ಎಂದ.

"ನೋಡಲಿ ಬಿಡ್ರೀ" ಎಂದಳು ಸೊಸೆ. "ಅವರೇ ಇದು, ಅತ್ತೆ. ನೋಯ್ತಿದೆ, ಅಷ್ಟೇ."

ಅತ್ತೆ ಮಂಚದ ಹತ್ತಿರ ಎರಡು ಹೆಜ್ಜೆ ಇಟ್ಟು ನಿಂತರು. ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಹೀಗೆ ಕೂಗ್ವಾಗ ನಿಮ್ಮ ಮನೇಲಿ ಏನು ಮಾಡ್ತಾರೆ?" ಎಂದು ಪಿಸುಗುಟ್ಟಿದರು.

"ಕೈ ಹಿಡ್ಕೋತಾರೆ. ಹೂಂ, ಹೂಂ ಅಂತಿರ್ತಾರೆ."

ಅತ್ತೆ ಮಾವನ ಕೈ ಹಿಡಿದರು. ಮಾವ ನರಳಿದರು. ಅತ್ತೆ ಅವರ ಕಿವಿಯ ಹತ್ತಿರ ಬಗ್ಗಿದರು.

"ಹೂಂ" ಎಂದರು.