ಬೆಟ್ಟಮ್ಮನ ಎಡಗೈ ಕುಡುಗೋಲು

ಸಾವಿರದ ಒಂಬೈನೂರ ಅರವತ್ತೊಂದರ ಡಿಸೆಂಬರ್ ತಿಂಗಳ ಒಂದು ಶನಿವಾರ. ಮಧ್ಯಾಹ್ನ ಎರಡೂವರೆಗೆ ಕೊಣನೂರಿನ ಕೆಂಪಾಚಾರಿಯ ಕುಲುಮೆಯ ಮುಂದೆ ಮೂವರು ಸ್ನೇಹಿತರು ಎರಡು ಮೂಟೆ ಇದ್ದಿಲನ್ನೂ ಬಸ್ಸಿನದೊಂದು ಮುರಿದ ಸ್ಪ್ರಿಂಗ್ ಪಟ್ಟಿಯನ್ನೂ ಇಳಿಸಿದರು. ಪಟ್ಟಿ ತಂದವನು ಬಸವರಾಜು, ಹಾಸನ–ಕೊಣನೂರು ಬಸ್ಸಿನ ಕಂಡಕ್ಟರ್. ಇದ್ದಿಲು ತಂದವನು ಪುಟ್ಟಸ್ವಾಮಿ, ಹೊಳೆನರಸೀಪುರದಲ್ಲಿ ಮೇಷ್ಟ್ರು. ಮೂರನೆಯವನು ಮಂಚಯ್ಯ, ಅರಕಲಗೂಡಿನಲ್ಲಿ ಸರ್ಕಾರಿ ಗುಮಾಸ್ತ. ಅವನು ತಂದದ್ದು ಒಂದು ಮಾತು ಮಾತ್ರ. ಅಮ್ಮನಿಗೆ ಈ ಸುಗ್ಗಿಗಾದರೂ ಎಡಗೈ ಕುಡುಗೋಲು ಮಾಡಿಸಿಕೊಡುತ್ತೇನೆಂದು ಆಡಿದ ಮಾತು.

ಮಂಚಯ್ಯನ ತಾಯಿ ಬೆಟ್ಟಮ್ಮ ಹುಟ್ಟಾ ಎಡಚಿ. ಕುಡುಗೋಲಿನ ಒಂದು ಮೈ ಚಪ್ಪಟೆ, ಇನ್ನೊಂದು ಮೈ ಅಂಚಿನ ಕಡೆಗೆ ಇಳಿಜಾರು. ಬಲಗೈಯಲ್ಲಿ ಹಿಡಿದರೆ ಇಳಿಜಾರು ಮೇಲೆ ಬಂದು ಅಂಚು ರಾಗಿಯ ಬುಡಕ್ಕೆ ಕೂರುತ್ತದೆ. ಎಡಗೈಯಲ್ಲಿ ಹಿಡಿದರೆ ಇಳಿಜಾರು ಕೆಳಗಾಗಿ ಅಂಚು ದಂಟಿನ ಮೇಲೆ ಏರಿಬಿಡುತ್ತದೆ. ಬೆಟ್ಟಮ್ಮ ನಲವತ್ತು ವರ್ಷ ಮಣಿಕಟ್ಟು ತಿರುಚಿಕೊಂಡೇ ಕೊಯ್ದಿದ್ದಳು. ಕೂಲಿ ಹೆಂಗಸರು ಅವಳನ್ನು ಯಾವಾಗಲೂ ಸಾಲಿನ ಕೊನೆಗೆ ನಿಲ್ಲಿಸುತ್ತಿದ್ದರು. ಹಿಂದಿನ ಸುಗ್ಗಿಯಲ್ಲಿ ಮಣಿಕಟ್ಟು ಊದಿಕೊಂಡು ಮೂರು ದಿನ ಮನೆಯಲ್ಲಿ ಕೂತಿದ್ದಳು. "ಈ ಸಲ ಒಂದ್ ಕೈ ನೋಡ್ತೀನಿ, ಆಗ್ದಿದ್ರೆ ಕುಡ್ಲ ಸೂರಿಗೆ ಸಿಗ್ಸ್‌ಬುಡ್ತೀನಿ" ಎಂದಿದ್ದಳು. ಪುಟ್ಟಸ್ವಾಮಿಯ ಮನೆಯ ಹೊಲದಲ್ಲಿ ಕೊಯ್ಲು ಶುರುವಾಗುವುದು ಸೋಮವಾರ ಬೆಳಿಗ್ಗೆ.

ಕೆಂಪಾಚಾರಿಯ ಕುಲುಮೆಗೆ ತಾತನ ಕಾಲದಿಂದ ಬಂದ ಕಟ್ಟಳೆಯೊಂದಿತ್ತು: ಯಾರ ಆಯುಧವೋ ಅವರೇ ಇದ್ದಿಲು ತರಬೇಕು, ಅವರೇ ದೊಡ್ಡ ಸುತ್ತಿಗೆ ಬೀಸಬೇಕು. ಮಂಚಯ್ಯನ ಅಪ್ಪ ಸಣ್ಣಯ್ಯನಿಗೆ ಮಾತ್ರ ಅದರಿಂದ ವಿನಾಯಿತಿ ಇತ್ತು. ಅವನ ಕೇರಿಯವರು ಒಳಗೆ ಬರುವಂತಿರಲಿಲ್ಲ. ಹೊರಗಿನ ಹುಣಸೆಮರದ ಕೆಳಗೆ ಕಾಯುತ್ತಿದ್ದರು. ಮಂಚಯ್ಯನ ಕಾಲು ಅಭ್ಯಾಸಬಲದಿಂದ ಆ ಮರದ ಹತ್ತಿರವೇ ನಿಂತಿತು.

"ಗುಮಾಸ್ತ್ರೇ, ಅಲ್ಲಿ ನಿಂತ್ಕಂಡ್ರೆ ಸುತ್ತಿಗೆ ಯಾರು ಬೀಸೋರು? ನಿಮ್ಮ ಮರ ಬೀಸ್ತದಾ?" ಎಂದು ಆಚಾರಿ ಒಳಗಿನಿಂದಲೇ ಕೂಗಿದ. "ಕೆರ ಬುಟ್ಟು ಒಳಿಕ್ ಬನ್ನಿ."

ಮಂಚಯ್ಯ ಬಂದ. ಚಪ್ಪಲಿ ಬಿಡುವಾಗ ಒಂದು ಕ್ಷಣ ತಡವಾಯಿತು, ಅಷ್ಟೇ.

ಪುಟ್ಟಸ್ವಾಮಿಗೆ ಎಳನೀರು ಕೆತ್ತುವ ಮಚ್ಚು ಬೇಕಿತ್ತು, ಬಸವರಾಜುವಿಗೆ ಹೆಂಡತಿಗೊಂದು ಈಳಿಗೆ. ಪಟ್ಟಿಯನ್ನು ಕಾಯಿಸಿ ಮೂರು ತುಂಡು ಮಾಡಿದರು. ಒಬ್ಬ ತಿದಿ ಒತ್ತಿ ಬೆಂಕಿಗೆ ಗಾಳಿ ಹಾಕಿದರೆ ಇಬ್ಬರು ಸುತ್ತಿಗೆ ಹಿಡಿದರು. ಆಚಾರಿ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಅಲ್ಲಿಗೇ ದೊಡ್ಡ ಸುತ್ತಿಗೆ ಬೀಳಬೇಕು. ಪುಟ್ಟಸ್ವಾಮಿಯದು ಹತ್ತರಲ್ಲಿ ನಾಲ್ಕು ಏಟು ಅಡಿಗಲ್ಲಿಗೇ ಬೀಳುತ್ತಿತ್ತು.

"ಮೇಷ್ಟ್ರೇ, ಕಬ್ಬುಣ ಇಲ್ಲಿ ಅದೆ. ಅದು ನಮ್ಮಪ್ಪ ಮಡಗಿದ್ ಕಲ್ಲು, ಅದ್ಕ್ಯಾಕ್ ಒಡೀತೀರಿ?"

"ಹುಡುಗ್ರಿಗೆ ಹೊಡ್ದೂ ಹೊಡ್ದೂ ಕೈ ಕೆಟ್ಟೋಗದೆ ಬುಡಿ ಆಚಾರ್ರೇ" ಎಂದ ಬಸವರಾಜು. "ಕಲ್ಲೂ ಮಗ್ಗಿ ಒಪ್ಪುಸ್ಲಿ ಅಂತವ್ನೆ."

"ನೀನ್ ಸುಮ್ನೆ ತಿದಿ ಒತ್ತಲಾ, ಟಿಕೀಟ್ ಅರ್ದಂಗಲ್ಲ ಇದು" ಎಂದ ಆಚಾರಿ.

ಮಂಚಯ್ಯನ ಸರದಿ ಬಂದಾಗ ಆಚಾರಿ ಸುತ್ತಿಗೆ ಕೆಳಗಿಟ್ಟ. "ಎಡಗೈ ಕುಡ್ಲು ನಮ್ಮಪ್ಪಾನೂ ಮಾಡಿಲ್ಲ, ನಾನೂ ಮಾಡಿಲ್ಲ. ನೀವು ಬರಾವು ಬಲ್ಲೋರು. ನಿಮ್ಮವ್ವ ಎಂಗ್ ಇಡೀತಾಳೆ, ನೆಲದ್ ಮ್ಯಾಲೆ ಬರ್ದು ತೋರ್ಸಿ."

ಮಂಚಯ್ಯ ಇದ್ದಿಲಿನ ಚೂರು ತೆಗೆದುಕೊಂಡು ಕಣ್ಣು ಮುಚ್ಚಿ ನೆನೆಸಿಕೊಂಡ. ಚಿಕ್ಕವನಿದ್ದಾಗ ಬದುವಿನ ಮೇಲೆ ಎದುರಿಗೆ ಕೂತು ಅಮ್ಮ ಕೊಯ್ಯುವುದನ್ನು ಗಂಟೆಗಟ್ಟಲೆ ನೋಡಿದ್ದ. ಕಂಡಂತೆಯೇ ಬರೆದ. ಹಿಡಿ ಬಲಕ್ಕೆ, ಅಂಚಿನ ಬಾಯಿ ತನ್ನ ಕಡೆಗೆ. ಇಳಿಜಾರನ್ನು ಮಾತ್ರ ಇರಬೇಕಾದಂತೆ ಮೇಲೆ ಬರೆದ. ಆಚಾರಿ ಒಮ್ಮೆ ತಲೆ ಕೆರೆದುಕೊಂಡ. ಆಮೇಲೆ ಕೆಂಪಗೆ ಕಾದ ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದ.

ಕತ್ತಲಾಗುವ ಹೊತ್ತಿಗೆ ಕುಡುಗೋಲಿನ ಬಾಗು ಬಂದಿತ್ತು. ಮಂಚಯ್ಯನ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದಿದ್ದವು. ಅವನ್ನು ಅವನು ಲಾಂದ್ರದ ಬೆಳಕಿನಲ್ಲಿ ಸ್ನೇಹಿತರಿಗೆ ಎರಡು ಸಲ ತೋರಿಸಿದ.

ಭಾನುವಾರ ಹನ್ನೊಂದಕ್ಕೆ ಇಳಿಜಾರು ಬಡಿದು ಮುಗಿಯಿತು. ಈಳಿಗೆ ಚೆನ್ನಾಗಿ ಬಂದಿತ್ತು. ಪುಟ್ಟಸ್ವಾಮಿಯ ಮಚ್ಚು ನಡುವೆ ಬಾಗಿ ಬಾಳೆಕಾಯಿಯಂತಾಗಿತ್ತು, ಆದರೂ ಅವನಿಗೆ ಅದರ ಮೇಲೆ ಬಹಳ ಪ್ರೀತಿ. ಕುಡುಗೋಲಿಗೆ ಇನ್ನು ಕಕ್ಕು ಹಾಕುವುದು, ಎಂದರೆ ಅಂಚಿಗೆ ಸಣ್ಣ ಸಣ್ಣ ಹಲ್ಲು ಕಡಿಯುವುದು, ಮತ್ತು ನೀರಿಗೆ ಅದ್ದಿ ಹದ ಕೊಡುವುದು ಬಾಕಿ. ಬಸವರಾಜು ಅದನ್ನು ಎಡಗೈಗೆ ತೆಗೆದುಕೊಂಡು, "ಬೆಟ್ಟಮ್ಮಕ್ಕ ಎಂಗ್ ಕುಯ್ತದೆ ನೋಡಾನ" ಎಂದು ಕುಲುಮೆಯ ಹಿಂದಿನ ಹುಲ್ಲಿಗೆ ಹಾಕಿದ. ಅಂಚು ಹುಲ್ಲಿನ ಬುಡದಿಂದ ಸರ್ರನೆ ತುದಿಗೆ ಏರಿತು. ಇನ್ನೊಮ್ಮೆ ಹಾಕಿದ. ಇನ್ನೊಮ್ಮೆ ಏರಿತು. ಬಲಗೈಗೆ ಬದಲಾಯಿಸಿದ. ಬುಡಕ್ಕೆ ಸರಿಯಾಗಿ ಕೂತಿತು.

"ಲೇ ಮಂಚ" ಎಂದ ಮೆಲ್ಲಗೆ. "ಇದು ಎಲ್ರ ಕುಡ್ಲಂಗೇ ಅದೆಯಲ್ಲೋ."

ಆಚಾರಿ ಹಣೆ ಚಚ್ಚಿಕೊಂಡ. "ನಂಗ್ ನೆನ್ನೇನೇ ಅನ್ಸ್ತು! ಕೈ ಸಲೀಸಾಗಿ ಓಯ್ತಾ ಅದೆ, ದಿನಾ ಮಾಡೋ ಕುಡ್ಲೇ ಅಲ್ವಾ ಇದು ಅಂತ. ಬರ್ದವ್ರು ಸರ್ಕಾರ್ದೋರು, ನಾನ್ಯಾಕ್ ಬಾಯ್ ಬುಡ್ಲಿ ಅಂದ್ಕಂಡೆ."

ಮಂಚಯ್ಯನಿಗೆ ತಪ್ಪು ಆಗ ಹೊಳೆಯಿತು. ಎದುರಿಗೆ ಕೂತವನಿಗೆ ಅಮ್ಮನ ಎಡಗೈ ಬಲಕ್ಕೇ ಕಾಣುತ್ತದೆ. ಹಿಡಿಯನ್ನು ತನಗೆ ಕಂಡ ಕಡೆಗೆ ಬರೆದಿದ್ದ, ಬಾಯಿಯನ್ನು ಅಮ್ಮನ ಕಡೆಗೆ ತಿರುಗಿಸುವ ಬದಲು ತನ್ನ ಕಡೆಗೆ ತಿರುಗಿಸಿದ್ದ. ಕುಡುಗೋಲಿನ ಅರ್ಧ ಅಮ್ಮನದು, ಅರ್ಧ ಅವನದು.

ಪುಟ್ಟಸ್ವಾಮಿ ನಗಲಾರಂಭಿಸಿ, ಮಂಚಯ್ಯನ ಮುಖ ನೋಡಿ ನಿಲ್ಲಿಸಿದ. ಪಟ್ಟಿ ಮುಗಿದಿತ್ತು. ಇಳಿಜಾರನ್ನು ಇನ್ನೊಂದು ಮೈಗೆ ಬಡಿಯಲು ಹೋದರೆ ಕಬ್ಬಿಣ ಕಾಗದದಷ್ಟು ತೆಳ್ಳಗಾಗುತ್ತದೆ ಎಂದ ಆಚಾರಿ. ಮೂಟೆಯ ತಳದಲ್ಲಿದ್ದ ಇದ್ದಿಲು ಒಂದು ಕಾವಿಗೆ ಸಾಕು, ಹೆಚ್ಚೆಂದರೆ ಎರಡಕ್ಕೆ. ಭಾನುವಾರ ಇದ್ದಿಲು ಎಲ್ಲಿಯೂ ಸಿಗುವುದಿಲ್ಲ.

ಅಷ್ಟರಲ್ಲಿ ಆಚಾರಿಯ ಹೆಂಡತಿ ಮುದ್ದಮ್ಮ ರಾಗಿರೊಟ್ಟಿ ತಂದಳು, ಮೇಲೆ ಹುಚ್ಚೆಳ್ಳಿನ ಚಟ್ನಿ ಬಳಿದು. "ಮೂತಿ ಇಳೇಬುಟ್ಕಂಡ್ರೆ ಕಬ್ಬುಣ ಕರಗಾಕಿಲ್ಲ. ತಿನ್ನಿ ಮೊದ್ಲು."

ಮಂಚಯ್ಯ ರೊಟ್ಟಿಯನ್ನು ಅರ್ಧಕ್ಕೆ ಮುರಿದು ನಡುವಿನದನ್ನು ಕಚ್ಚಿದ. ಉಳಿದದ್ದು ಬಾಗಿದ ತುಂಡು. ಅಗಿಯುವುದನ್ನು ನಿಲ್ಲಿಸಿದ. ತುಂಡಿನ ಬಲತುದಿಯನ್ನು ಬಲಗೈಯಲ್ಲಿ ಹಿಡಿದ. ಚಟ್ನಿ ಮೇಲೆ, ಬಾಗಿನ ಒಳಗು ತನ್ನ ಕಡೆಗೆ. ಅದನ್ನು ಮಗುಚದೆ, ತಿರುಗಿಸದೆ, ಎಡತುದಿಯನ್ನು ಎಡಗೈಯಲ್ಲಿ ಹಿಡಿದ. ಚಟ್ನಿ ಮೇಲೆಯೇ ಇತ್ತು. ಒಳಗು ತನ್ನ ಕಡೆಗೇ ಇತ್ತು.

"ಆಚಾರ್ರೇ!" ಎಂದು ಎದ್ದು ನಿಂತ. "ಇಳಿಜಾರು ಮುಟ್ಟೋದೇ ಬ್ಯಾಡ. ಹಿಡಿ ಹಾಕೋ ತುದೀನ ಮೂತಿ ಮಾಡಿ, ಮೂತೀನ ಹಿಡಿ ತುದಿ ಮಾಡಿ!"

ಆಚಾರಿ ರೊಟ್ಟಿ ಕಸಿದುಕೊಂಡು ತಾನೂ ಎರಡು ಕೈಗೂ ಹಿಡಿದು ನೋಡಿದ. ಮೂರು ಸಲ ನೋಡಿದ. ಆಮೇಲೆ ಅದನ್ನು ಬಾಯಿಗೆ ಹಾಕಿಕೊಂಡು, "ತಿದಿ ಒತ್ಲಾ ಕಂಡಕ್ಟ್ರು!" ಎಂದು ಗರ್ಜಿಸಿದ.

ಮೂತಿಯನ್ನು ಮೊನಚಾಗಿ ಎಳೆದು ಹಿಡಿಯೊಳಗೆ ಹೋಗುವ ಬಾಲ ಮಾಡಿದರು. ಹಳೆಯ ಬಾಲವನ್ನು ಬಡಿದು ಅಗಲಿಸಿ ಮೂತಿ ಮಾಡಿದರು. ದೊಡ್ಡ ಸುತ್ತಿಗೆಯನ್ನು ಮಂಚಯ್ಯನೊಬ್ಬನೇ ಬೀಸಿದ. ಒಂದು ಏಟೂ ಅಡಿಗಲ್ಲಿಗೆ ಬೀಳಲಿಲ್ಲ. ಆಚಾರಿ ಉಳಿಯಿಂದ ಕಕ್ಕು ಹಾಕಿದ. ಕೊನೆಯ ಕಾವಿಗೆ ಮುದ್ದಮ್ಮ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟಳು. ಬೆಳಕಿದ್ದರೆ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ. ಕುಡುಗೋಲು ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ಬಂದಾಗ ಆಚಾರಿ ಅಂಚನ್ನಷ್ಟೇ ನೀರಿಗೆ ಇಳಿಸಿದ. ಎಲ್ಲರೂ ಕಿವಿಗೊಟ್ಟರು. ಬಿರುಕು ಬಿಟ್ಟರೆ 'ಟಿಣ್' ಎನ್ನುತ್ತದೆ. ನೀರು ಕೊತಗುಟ್ಟಿತು, ಅಷ್ಟೇ. ಆಚಾರಿ ಅದನ್ನು ಮೇಲೆತ್ತಿ ಹಿಡಿದು, ಕುಡುಗೋಲಿನ ಬೆನ್ನಿನಲ್ಲಿ ಉಳಿದ ಕಾವು ಅಂಚಿಗೆ ಹರಿದು ಒಣಹುಲ್ಲಿನ ಬಣ್ಣ ಬಂದೊಡನೆ ಪೂರ್ತಿ ಮುಳುಗಿಸಿದ.

ಸೋಮವಾರ ಏಳಕ್ಕೆ ಹೊಲದಲ್ಲಿ ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು, ಕೊನೆಯಲ್ಲಿ ಬೆಟ್ಟಮ್ಮ. ಮಂಚಯ್ಯ ಅರ್ಧ ದಿನ ರಜ ಹಾಕಿ ಬಂದಿದ್ದ. ಕೊಯ್ಯುವ ಆಯುಧವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅದನ್ನು ನೆಲಕ್ಕಿಟ್ಟ. ಬೆಟ್ಟಮ್ಮ ಎತ್ತಿಕೊಂಡು ತಿರುಗಿಸಿ ನೋಡಿದಳು. ಬಗ್ಗಿ ರಾಗಿಯ ಮೊದಲ ಹಿಡಿಗೆ ಹಾಕಿದಳು.

ಕುಡುಗೋಲು ಮಣ್ಣಿಗೆ ಕಚ್ಚಿತು. ಎರಡನೆಯದೂ ಹಾಗೆಯೇ.

"ಅಯ್ಯೋ ಎಡಚವ್ವ, ಮಗ ನೇಗ್ಲು ತಂದವ್ನೆ ಕಣೇ" ಎಂದು ಸಾಲಿನಿಂದ ಹೊನ್ನಕ್ಕ ಕೂಗಿದಳು.

ಪುಟ್ಟಸ್ವಾಮಿ ತನ್ನ ಬಾಗಿದ ಮಚ್ಚನ್ನು ಹಿಡಿದು ಬದುವಿನ ಮೇಲೆ ಕಲ್ಲಿನಂತೆ ನಿಂತಿದ್ದ. ಮಂಚಯ್ಯ ಅಮ್ಮನ ಕೈಯನ್ನೇ ನೋಡುತ್ತಿದ್ದ. ಈ ಸಲ ಎದುರಿನಿಂದಲ್ಲ, ಹಿಂದಿನಿಂದ. ಮಣಿಕಟ್ಟು ನಲವತ್ತು ವರ್ಷದ ರೂಢಿಯಂತೆ ತಾನಾಗಿಯೇ ತಿರುಚಿಕೊಳ್ಳುತ್ತಿತ್ತು.

"ಅವ್ವಾ, ಕೈಯ ಅದರ ಪಾಡಿಗೆ ಬುಡವ್ವ. ತಿರುಗಿಸ್‌ಬ್ಯಾಡ."

ಬೆಟ್ಟಮ್ಮ ಅಂಗೈಗೆ ಉಗುಳಿಕೊಂಡು ಉಜ್ಜಿ ಮತ್ತೆ ಹಿಡಿದಳು. ಸರ್ರ್ ಎಂದಿತು. ಇನ್ನೊಂದು ಹಿಡಿ. ಇನ್ನೊಂದು. ಹೊನ್ನಕ್ಕ ತಲೆ ಎತ್ತಿ ನೋಡುವ ಹೊತ್ತಿಗೆ ಬೆಟ್ಟಮ್ಮ ಅವಳಿಗಿಂತ ಎರಡು ಮಾರು ಮುಂದಿದ್ದಳು.

ಎಂಟೂಕಾಲಿಗೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದು ನಿಂತಿತು. ಬಸವರಾಜು ಟಿಕೆಟ್ ಚೀಲ ಹಾರಿಸುತ್ತ ಹೊಲಕ್ಕೆ ಓಡಿಬಂದ. "ಕೊಡಕ್ಕ, ಒಂದೇ ಒಂದು ಇಡಿ ಕುಯ್ತೀನಿ" ಎಂದ. ಬೆಟ್ಟಮ್ಮ ಕುಡುಗೋಲನ್ನು ನೆಲಕ್ಕಿಟ್ಟಳು. ಅವನು ಬಲಗೈಯಲ್ಲಿ ಎತ್ತಿ ಹಾಕಿದ. ಅಂಚು ದಂಟಿನ ಮೇಲೇರಿ ತೆನೆಗೆ ಬಡಿಯಿತು. ಬಸ್ಸಿನ ಕಿಟಕಿಗಳಿಂದ ನಗು ಕೇಳಿತು.

"ಮಣಿಕಟ್ಟು ತಿರುಚ್ಕಳಪ್ಪ" ಎಂದಳು ಬೆಟ್ಟಮ್ಮ, ಸೊಂಟಕ್ಕೆ ಕೈ ಕೊಟ್ಟು ನಿಂತು. "ಒಂದ್ ನಲ್ವತ್ತೊರ್ಸ ಕುಯ್ದ್ರೆ ಸರಿ ಓಯ್ತದೆ."

ಆಮೇಲೆ ಕುಡುಗೋಲು ಎತ್ತಿಕೊಂಡು, ಕೊನೆಯ ಜಾಗಕ್ಕೆ ಹೋಗದೆ, ಹೊನ್ನಕ್ಕನನ್ನು ಸರಿಸಿ ಸಾಲಿನ ನಡುವೆ ನಿಂತಳು.